ಕೆಂಪಕ್ಕನ ಜಡೆ

ದುದ್ದದಲ್ಲಿ ಕೆಂಪಯ್ಯನಾಗಿ ಹುಟ್ಟಿ, ಮೀಸೆ ಮೂಡುವ ಪ್ರಾಯದಲ್ಲಿ ಸೀರೆಯುಟ್ಟು ಕೆಂಪಕ್ಕನಾದವಳು ಇಲ್ಲದೆ ಆ ಸೀಮೆಯಲ್ಲಿ ಒಂದು ಮದುವೆಯೂ ನಡೆಯುತ್ತಿರಲಿಲ್ಲ. ಮದುವಣಗಿತ್ತಿಗೆ ಹೂವಿನ ಜಡೆ ಹಾಕಲು ಮದ್ದೂರಿನಿಂದಲೂ ಗಾಡಿ ಕಳಿಸುತ್ತಿದ್ದರು. ಸೊಂಟಕ್ಕೆ ಸೆರಗು ಸಿಕ್ಕಿಸಿ ಅವಳು ಬಾಚಣಿಗೆ ಹಿಡಿದಳೆಂದರೆ ಹಸೆಮಣೆಯೂ ಕಾಯಬೇಕು, ಮುಹೂರ್ತವೂ ಕಾಯಬೇಕು. ಸಿಕ್ಕು ಬಿಡಿಸುವಾಗ ಹುಡುಗಿ ಅತ್ತರೆ, "ಸುಮ್ಕಿರವ್ವ, ಎಣ್ಣಾಗೋದು ಸುಲ್ಬ ಅಲ್ಲ ಕಣಮ್ಮ" ಎನ್ನುವಳು. ಅವಳ ಸ್ವಂತ ಜಡೆ ಮೊಣಕಾಲು ಮುಟ್ಟುತ್ತದೆಂದು ಊರು ಹೇಳುತ್ತಿತ್ತು. ಸೊಂಟ ದಾಟಿದ್ದಂತೂ ನಿಜ. ತಾಯಿ ಪುಟ್ಟಮಾದಮ್ಮ ಮಾತ್ರ ಜಗಲಿಯಲ್ಲಿ ಕೂತು, "ನಂಗಿದ್ದ ಒಬ್ಬ ಮಗ ಸತ್ತೋದ ಕಣಪ್ಪ" ಎಂದು ಹೋಗಿಬರುವವರಿಗೆಲ್ಲ ಹೇಳುವಳು. ನಲವತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಆ ತಾಯಿ ತೀರಿಕೊಂಡಾಗ, ಕೊಳ್ಳಿಯಿಡಲು ಮಗನೇ ಬೇಕೆಂದರು ಹಿರಿಯರು. ಕೆಂಪಕ್ಕ ತಲೆ ಬೋಳಿಸಿಕೊಂಡು, ಬಳೆ ತೆಗೆದಿಟ್ಟು, ಪಂಚೆಯುಟ್ಟು ಮತ್ತೆ ಕೆಂಪಯ್ಯನಾದ. ತಿಥಿ ಮುಗಿದ ಮೇಲೂ ಸೀರೆಗೆ ಮರಳಲಿಲ್ಲ. ಕೂದಲು ಚಿಗುರಿದಂತೆಲ್ಲ ಬೋಳಿಸುತ್ತಲೇ ಹೋದ. ಅಂತೂ ಮಗ ತಿರುಗಿ ಬಂದನೆಂದು ಊರು ಹಿಗ್ಗಿತು. ನೆರೆಮನೆಯ ಸೋಮಮ್ಮ ಒಂದು ದಿನ ತಡೆಯಲಾರದೆ ಕೇಳಿದಳು: "ಯಾಕಕ್ಕ, ಕೂದ್ಲು ಬುಡಬಾರ್ದಾ? ಈಗ ಬ್ಯಾಡ ಅನ್ನೋರು ಯಾರವ್ರೆ?" ಕೆಂಪಯ್ಯ ಬೋಳು ತಲೆಯನ್ನು ಸವರಿಕೊಂಡ. "ದಿನಾ ಬಾಗ್ಲಾಕ್ಕೊಂಡು, ಎಣ್ಣೆ ಅಚ್ಚಿ, ಅದ್ನ ಬೆಳೆಸ್ದೋಳೇ ನಮ್ಮವ್ವ ಕಣಮ್ಮ. ಅವ್ಳೇ ಓದ್ಮೇಲೆ ಯಾರ್ಗೋಸ್ಕರ ಬುಡ್ಲಿ?"