ಹಸಿರು ಬ್ಯಾಗಿಗೊಂದು ಕೆಂಪು ಪಟ್ಟಿ

ಕಳೆದ ಶನಿವಾರ ನ್ಯೂ ಲಿನ್‌ನ ಒಂದು ಅಂಗಡಿಯಲ್ಲಿ ನನ್ನ ಮಗಳು ಇಪ್ಪತ್ತು ಕೆಜಿ ಮರಳು ಬೆನ್ನಿಗೆ ಹೊತ್ತು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಶಿಕ್ಷೆಯಲ್ಲ, ಶಾಪಿಂಗ್!

ಬೇಟೆಗೆ ಹೋಗುವವರು ಬ್ಯಾಗ್ ಕೊಳ್ಳುವುದೇ ಹೀಗಂತೆ. ಮೊದಲು ಬೆನ್ನಿನ ಉದ್ದ ಅಳೆಯುತ್ತಾರೆ. ಆಮೇಲೆ ಮರಳು ತುಂಬಿ ನಡೆಸುತ್ತಾರೆ. ಭಾರ ಹೆಗಲಿಗಲ್ಲ, ಸೊಂಟದ ಪಟ್ಟಿಯ ಮೇಲೆ ಕೂರಬೇಕು. ಹೋಗುವಾಗ ಟೆಂಟು, ಸ್ಲೀಪಿಂಗ್ ಬ್ಯಾಗು, ಎರಡು ದಿನದ ಊಟ. ಬರುವಾಗ ಜೊತೆಗೆ ಜಿಂಕೆಯ ಮಾಂಸ. (ನಾವು ಬ್ಯಾಗ್ ಕೊಳ್ಳುವಾಗ ಕೇಳುವುದು ಒಂದೇ: ಎಷ್ಟು ಹಿಡಿಸುತ್ತೆ?)

ನಿಧಿಗೆ ಇಪ್ಪತ್ತೊಂದು. ನಾವು ವಲಸೆ ಬಂದ ಈ ದೇಶದಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಮುಂದಿನ ವಾರ ಅವಳ ಮೊದಲ ಬೇಟೆ, ಗೆಳತಿಯರ ಜೊತೆ, ಕಾಡಿನಲ್ಲಿ ಎರಡು ರಾತ್ರಿ. ಈ ಹುಚ್ಚು ಅವಳಪ್ಪನದು. ಅವರು ಹೊತ್ತು ತಂದ ಮಾಂಸಕ್ಕೆ ನಮ್ಮತ್ತೆಯ ಮಸಾಲೆ ಪುಡಿ ಹಾಕಿ ಸಾರು ಕಾಯಿಸಿದರೆ ನಾವಿರುವ ಹೆಂಡರ್ಸನ್ ಬಡಾವಣೆಯ ಅರ್ಧಕ್ಕೆ ಘಮಘಮ.

ನಿಧಿ ಆರಿಸಿದ ಬ್ಯಾಗು ಪಾಚಿ ಹಸಿರು. ಅವಳಪ್ಪನದೂ ಅದೇ ಬಣ್ಣ.

"ಕಿತ್ತಳೆ ಬಣ್ಣದ್ದು ಇಲ್ವಾ?" ಅಂತ ನಾನು ಕೇಳಿದೆ. ಇದೆ, ಆದರೆ ಅದು ಬರೀ ನಡೆಯುವವರಿಗೆ, ಮಾಂಸದ ಭಾರ ತಡೆಯಲ್ಲ ಅಂದಳು ಅಂಗಡಿಯಾಕೆ. ಮಗಳಿಗೆ ನಾಚಿಕೆಯಾಯಿತು. "ಅಮ್ಮಾ, ಇಟ್ಸ್ ನಾಟ್ ಅ ಸೂಟ್‌ಕೇಸ್!"

ಎರಡು ವರ್ಷದ ಹಿಂದೆ ಅವಳಪ್ಪನೂ ಇದೇ ಮಾತು ಆಡಿದ್ದರು.

ಊರಿಗೆ ಹೋಗುವಾಗ ನಾವೆಲ್ಲ ಸೂಟ್‌ಕೇಸಿಗೆ ಬಣ್ಣದ ಬಟ್ಟೆ ಕಟ್ಟುತ್ತೇವಲ್ಲ, ಏರ್‌ಪೋರ್ಟಿನ ಬೆಲ್ಟಿನ ಮೇಲೆ ಗುರುತು ಸಿಗಲಿ ಅಂತ? (ನೀವೂ ಕಟ್ಟಿದ್ದೀರಿ, ಸುಳ್ಳು ಹೇಳಬೇಡಿ.) ಅವರ ಬೇಟೆ ಬ್ಯಾಗಿಗೂ ನನ್ನ ಹಳೇ ಸೀರೆಯ ಕೆಂಪು ಪಟ್ಟಿ ಹರಿದು ಕಟ್ಟಿದ್ದೆ. "ಇದೇನು ಸೂಟ್‌ಕೇಸೇನೇ? ಬಿಚ್ಚಿಬಿಡ್ತೀನಿ ಕಣೇ, ಜೊತೆಗೆ ಬರೋ ಆಫೀಸಿನವರು ನಗ್ತಾರೆ" ಅಂದರು. ನನಗೆ ಆಸ್ಪತ್ರೆ ಡ್ಯೂಟಿಗೆ ಹೊತ್ತಾಗಿತ್ತು. "ನಿಮ್ಮಿಷ್ಟ" ಅಂದು ಹೊರಟುಬಿಟ್ಟೆ.

ಆ ಸಲ ಅವರು ಜಾರಿಬಿದ್ದದ್ದು ಒಂದು ತೊರೆಯ ದಂಡೆಯಲ್ಲಿ. ಕಾಲು ಮುರಿದಿತ್ತು. ಅಪಾಯದ ಸಂಕೇತ ಕಳಿಸುವ ಬೀಕನ್ ಇದ್ದದ್ದು ಬೇರೆ ದಾರಿ ಹಿಡಿದಿದ್ದ ಜೊತೆಗಾರನ ಬಳಿ. ಇವರು ತೆವಳಿಕೊಂಡೇ ಬ್ಯಾಗನ್ನು ಬಯಲಿಗೆ ಎಳೆದಿಟ್ಟು, ಮಳೆಗೆ ಹೆದರಿ ಬಂಡೆಯ ಮರೆಗೆ ಸರಿದಿದ್ದರಂತೆ. ಬ್ಯಾಗ್ ಕಂಡರೆ ತಾವೂ ಸಿಗುತ್ತೇವೆ ಅಂತ ನಂಬಿದ್ದಿರಬೇಕು. ಹುಡುಕಲು ಬಂದ ಹೆಲಿಕಾಪ್ಟರ್ ಎರಡು ಸಲ ಅದರ ಮೇಲೇ ಹಾದುಹೋಯಿತಂತೆ. ಹಸಿರಿನಲ್ಲಿ ಹಸಿರು ಕಂಡೀತೆ? ಮೂರನೇ ದಿನ ಸಿಕ್ಕರು. ಅಷ್ಟರಲ್ಲಿ ಚಳಿ ಅವರನ್ನು ಕೊಂದಿತ್ತು.

ಕೆಂಪು ಪಟ್ಟಿ ಅವರ ಯೂಟ್ ಗಾಡಿಯ ಡ್ಯಾಶ್‌ಬೋರ್ಡಿನ ಖಾನೆಯಲ್ಲಿತ್ತು. ಎಸೆದಿರಲಿಲ್ಲ ಪುಣ್ಯಾತ್ಮ. ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು, ವಾಪಸ್ ಬರುವಾಗ ಕಟ್ಟಿಕೊಂಡು ನನ್ನನ್ನು ಮೆಚ್ಚಿಸೋಣ ಅಂತಲೋ ಏನೋ. ಅಂದಿನಿಂದ ಅದು ನನ್ನ ಹ್ಯಾಂಡ್‌ಬ್ಯಾಗಿನಲ್ಲಿದೆ. ಯಾರಿಗೂ ಹೇಳಿರಲಿಲ್ಲ, ಮಗಳಿಗೂ.

ಶನಿವಾರ ಅಂಗಡಿಯ ಪಾರ್ಕಿಂಗಿನಲ್ಲಿ ಅಳುತ್ತಲೇ ಹೇಳಿದೆ. ನಿಧಿ ಪಟ್ಟಿ ಇಸಿದುಕೊಂಡು ಹೊಸ ಬ್ಯಾಗಿನ ನೆತ್ತಿಗೆ ಕಟ್ಟಿದಳು. ಒಂದಲ್ಲ, ಮೂರು ಗಂಟು. "ನಾನು ಬಿಚ್ಚಲ್ಲಮ್ಮ" ಅಂದಳು, ಕನ್ನಡದಲ್ಲಿ.

ಹೋಗಿಬರಲಿ. ಅವಳ ಹತ್ತಿರ ಬೀಕನ್ ಇದೆ, ಪಟ್ಟಿ ಇದೆ. ನನ್ನ ಹತ್ತಿರ ಹೆದರಿಕೆ ಇದೆ.

ಉಪ್ಪಿನ ಡಬ್ಬಿಗೆ ಮುಚ್ಚಳ ಹಾಕದಿದ್ದರೂ ಆ ಮನುಷ್ಯನ ಜೊತೆ ಅರ್ಧ ದಿನ ಜಗಳ ಆಡುತ್ತಿದ್ದವಳು ನಾನು. ಅವತ್ತೊಂದು ದಿನ ಯಾಕೆ ಆಡಲಿಲ್ಲ?