ಎಲ್ಲರಿಗೂ ಸೀಟಿರುವ ಬೋಗಿ

ಗೆಳೆಯರೇ, ಈಗಷ್ಟೇ ನಮ್ಮ ಚಿಕ್ಕವ್ವನ ಜೊತೆ ವಾದಕ್ಕಿಳಿದು ಸೋತು ಕೂತಿದ್ದೇನೆ.

ಮುರಿದ ಆಟಿಕೆ ರೈಲುಗಳ ಅರ್ಧ ಏಸಿ ಬೋಗಿ, ಅರ್ಧ ಜನರಲ್ ಬೋಗಿ ಕತ್ತರಿಸಿ ಅಂಟಿಸಿ, ಮೇಲು ಕೀಳಿಲ್ಲದ ಒಂದು ಪ್ಯಾಸೆಂಜರ್ ಬೋಗಿ ಮಾಡಿದ್ದೆ. ನಾಳೆ ಮಂಡ್ಯದ ಗ್ರಂಥಾಲಯದಲ್ಲಿ ಪ್ರದರ್ಶನಕ್ಕಿಡಬೇಕು. ಯಾರೂ ನೆಲದ ಮೇಲೆ ಕೂರಬಾರದೆಂದು ಬಾಗಿಲವರೆಗೂ ಸೀಟು ತುಂಬಿಸಿದ್ದೆ.

ದಿನಾ ಹನಕೆರೆಯಲ್ಲಿ ರೈಲು ಹತ್ತಿ ಮೈಸೂರಿಗೆ ಬಿದಿರ ಕುಕ್ಕೆಗಳಲ್ಲಿ ಸೊಪ್ಪು ಒಯ್ದು ಮಾರುವ ಚಿಕ್ಕವ್ವ ಬಗ್ಗಿ ನೋಡಿದಳು.

"ನನ್ನ ಕುಕ್ಕೆ ಎಲ್ಲಿ ಮಡಗ್ಲಿ? ನಿನ್ನ ತಲೆ ಮ್ಯಾಲಾ?"

"ನೀನು ಸೀಟಲ್ಲಿ ಕೂತ್ಕೊ ಚಿಕ್ಕವ್ವ. ನೆಲದ ಮೇಲೆ ಕೂರೋದು ಗುಲಾಮಗಿರಿ."

"ಬುಡ್ಲಾ ಕಂಡಿವ್ನಿ. ನಾನು ಸೀಟಲ್ಲಿ ಕುಂತ್ರೆ ಬಾಗ್ಲಲ್ಲಿರೋ ಸೊಪ್ಪ ಜನ ತುಳ್ದಾಕ್ತರೆ. ನೆಲದ ಮ್ಯಾಲೆ ಕುಂತಿರೋದು ಕಾವಲಿಗೆ ಕಣ್ಲಾ. ನಿನ್ನ ರೈಲ್ಗೆ ನಾನು ಅತ್ತಕಿಲ್ಲ, ಓಗು."

ಬ್ಲೇಡು ಹಿಡಿದು ಬಾಗಿಲ ಬಳಿಯ ಎಂಟು ಸೀಟು ಕಿತ್ತೆ. ಖಾಲಿಯಾದ ಜಾಗವನ್ನು ಅವಳು ಬೆರಳಿಟ್ಟು ಅಳೆದು, "ಎಲ್ಡು ಕುಕ್ಕೆ ಇಡೀತದೆ" ಎಂದಳು.

ಸಮಾನತೆಯ ಬಗ್ಗೆ ನಾನು ಓದಿದ ಯಾವ ಕಿರುಹೊತ್ತಿಗೆಯಲ್ಲೂ ಕುಕ್ಕೆಯ ಮಾತಿರಲಿಲ್ಲ. ಬರೆದವರೆಲ್ಲ ಬರಿಗೈಯಲ್ಲಿ ಪ್ರಯಾಣ ಮಾಡುವವರಿರಬೇಕು.