ಕೃಷ್ಣನಿಗೆ ಅಣಕದ ನೈವೇದ್ಯ

ನಯಾ ಪೈಸೆ ಬಂದ ವರ್ಷದ ಶ್ರಾವಣದಲ್ಲಿ ನನ್ನ ನಾಲ್ಕು ವರ್ಷದ ಮಗಳು ಲಲಿತೆಗೆ ಟೈಫಾಯಿಡ್ ಜ್ವರ ಹಿಡಿಯಿತು. ಮುಂಬಯಿಯ ವಡಾಲದ ನಮ್ಮ ಚಾಳಿನಲ್ಲಿ ಬಾಗಿಲಿಗೆ ಬಾಗಿಲು ತಾಗುತ್ತದೆ, ಮನೆಮನೆಯಲ್ಲೂ ಮಕ್ಕಳು. ನನ್ನ ಹೆಂಡತಿ ಸುಮತಿಯ ಮಡಿಲಲ್ಲಿಯೂ ಇನ್ನೊಂದು ಎಳೆಗೂಸು. ತಡಮಾಡದೆ ಸಾಂಕ್ರಾಮಿಕ ರೋಗದ ಆಸ್ಪತ್ರೆಗೆ ಸೇರಿಸಿ ಎಂದರು ಡಾಕ್ಟರು. ಅಲ್ಲಿ ನಮ್ಮನ್ನು ಒಳಗೆ ಬಿಡುವುದಿಲ್ಲ. ವರಾಂಡದಲ್ಲಿ ನಿಂತು ಕಿಟಕಿಯ ಜಾಲರಿಯಿಂದ ನೋಡಿ ಬರಬೇಕು, ಅಷ್ಟೆ.

ಭಜನೆಗೆ ಕೂಡುವ ಬಂಧುಗಳೇ, ಬರೆದವನು ನಾನೆಂದು ಕಂಡ ಕೂಡಲೇ ಇದೂ ಯಾರದೋ ಅಣಕವಿರಬೇಕೆಂದು ನಿಮ್ಮಲ್ಲಿ ಕೆಲವರು ನಗುತ್ತೀರಿ. ತಪ್ಪು ನಿಮ್ಮದಲ್ಲ. ಹೋಟೆಲಿನ ಗಲ್ಲಾದಲ್ಲಿ ಕೂತು ಈ ಚಿಕ್ಕ ವಯಸ್ಸಿನಲ್ಲಿ ನಾನು ಸಂಪಾದಿಸಿದ ವಿದ್ಯೆ ಅದೊಂದೇ. ಅಡುಗೆಭಟ್ಟರ ಕೆಮ್ಮು, ಹಳೆಯ ಆಣೆಯೇ ಬೇಕೆಂದು ಹಟ ಹಿಡಿಯುವ ಗಿರಾಕಿ, ನಮ್ಮ ಮಂಡಳಿಯ ಅಧ್ಯಕ್ಷರು ಸರಿಯಾಗಿ ಮಂಗಳಾರತಿಯ ಹೊತ್ತಿಗೆ ಎಚ್ಚರಗೊಂಡು "ಹರಿ ಹರಿ" ಎನ್ನುವ ಬಗೆ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಸ್ವಂತ ಸ್ವರಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಮನೆಯಲ್ಲಿ ಈ ವಿದ್ಯೆಗೊಂದು ಉಪಯೋಗವಿತ್ತು. ಲಲಿತೆ ಒಂದೊಂದು ಸ್ವರಕ್ಕೆ ಒಂದೊಂದು ತುತ್ತು ತಿನ್ನುವವಳು. ತರಕಾರಿ ಮಾರುವ ಮೌಶಿ ಕೂಗಿದರೆ ಒಂದು ತುತ್ತು, ಹಾರ್ಬರ್ ಲೈನಿನ ಲೋಕಲ್ ರೈಲು ಸ್ಟೇಶನ್ನಿಗೆ ಬಂದು ನಿಂತರೆ ಇನ್ನೊಂದು. ಬಟ್ಟಲು ಖಾಲಿಯಾಗುವಷ್ಟರಲ್ಲಿ ಅರ್ಧ ಮುಂಬಯಿ ನಮ್ಮ ಒಂದೇ ಕೋಣೆಯಲ್ಲಿ ಬಂದು ಹೋಗಿರುತ್ತಿತ್ತು.

ಜ್ವರ ಏರಿ ಏರಿ, ಮಗು ನನ್ನ ಗುರುತನ್ನೂ ಹಿಡಿಯದೆ ಹೋದ ದಿನ ಮನೆಗೆ ಬಂದು ಕೃಷ್ಣನ ಪಟದ ಮುಂದೆ ಕುಳಿತೆ. ಕಷ್ಟ ಬಂದಾಗ ಪ್ರಿಯವಾದದ್ದೊಂದನ್ನು ಬಿಡುತ್ತೇನೆಂದು ಹರಕೆ ಹೊರುವುದು ನಮ್ಮ ಮನೆತನದ ಪದ್ಧತಿ. ನನ್ನ ತಂದೆ ಹಲಸಿನ ಹಣ್ಣು ಬಿಟ್ಟಿದ್ದರು. ಅಜ್ಜಿ ಹಾಗಲಕಾಯಿ ಬಿಟ್ಟಿದ್ದರು. ಅದನ್ನು ಅವರು ಮೊದಲೂ ಮುಟ್ಟುತ್ತಿರಲಿಲ್ಲ ಎಂಬುದು ಬೇರೆ ಮಾತು. ಹಾಗೆ ದೇವರಿಗೇ ಟೋಪಿ ಹಾಕಲು ನನಗೆ ಧೈರ್ಯವಾಗಲಿಲ್ಲ. "ಸ್ವಾಮೀ, ಮಗುವಿನ ಜ್ವರ ಇಳಿಸು. ನನ್ನ ಅಣಕವನ್ನು ನಿನಗೆ ಒಪ್ಪಿಸಿದೆ. ಇನ್ನು ಬಾಯಲ್ಲಿ ತರುವುದಿಲ್ಲ" ಎಂದು ತುಳಸಿದಳ ಇಟ್ಟು ಅಡ್ಡಬಿದ್ದೆ.

ಮರುದಿನದಿಂದಲೇ ಜ್ವರ ಇಳಿಮುಖವಾಯಿತು. ವಾರದೊಳಗೆ ಮೈ ತಣ್ಣಗಾಯಿತು. ಕೃಷ್ಣ ತನ್ನ ಪಾಲಿನದನ್ನು ನಡೆಸಿಕೊಟ್ಟ. ಸಿಕ್ಕಿಬಿದ್ದವನು ನಾನು.

ಏಕೆಂದರೆ ಮಗು ಬಾಯಿ ತೆರೆಯಲೊಲ್ಲದು. ಗಂಜಿ ಬೇಡ, ಬಾರ್ಲಿ ನೀರು ಬೇಡ. ವಾರ್ಡಿನ ಮರಾಠಿ ನರ್ಸಮ್ಮ ಚಮಚ ಹಿಡಿದು, ಮೂಗಿನಿಂದ ರಾಗ ಎಳೆದು, "ತೋಂಡ್ ಉಘಡ್, ಬಾಳ!" ಎಂದು ಗೋಗರೆಯುವರು. ಬಾಯಿ ತೆರೆ ಮಗೂ, ಎಂದು. ಲಲಿತೆ ತುಟಿ ಬಿಗಿಹಿಡಿದು ಗೋಡೆಗೆ ತಿರುಗುವಳು. "ಔಷಧ ತನ್ನ ಕೆಲಸ ಮಾಡಿದೆ. ಹೊಟ್ಟೆಗೆ ಏನೂ ಹೋಗದಿದ್ದರೆ ಮಗು ಉಳಿಯುವುದು ಕಷ್ಟ" ಎಂದರು ಡಾಕ್ಟರು. ಅಂದು ನನ್ನನ್ನು ಕಿಟಕಿಯಲ್ಲಿ ಕಂಡು ಅವಳು ಕೇಳಿದ್ದು ಒಂದೇ ಮಾತು: "ಅಪ್ಪಾ, ಮೌಶಿ?" ನಾನು ಜಾಲರಿ ಹಿಡಿದು ಮೂಕನಂತೆ ನಿಂತೆ.

ಮನೆಯಲ್ಲಿ ಸುಮತಿ ಬಾಗಿಲಲ್ಲೇ ತಡೆದಳು. "ಮೌಶಿ ಕೇಳಿದ್ಳಾ? ನೀವು ಮಾಡ್ಲಿಲ್ವಾ?"

"ಹರಕೆ ಉಂಟಲ್ಲ."

"ಯಾರನ್ನು ಕೇಳಿ ಹೊತ್ತದ್ದು ಆ ಹರಕೆ? ಬಿಡ್ಲಿಕ್ಕೆ ನಿಮ್ಮ ಬೀಡಿ ಇರ್ಲಿಲ್ವಾ? ಮಗಳ ಊಟವನ್ನೇ ಕೊಟ್ಟು ಬಂದ್ರಲ್ಲ ಮಾರಾಯ್ರೇ!"

"ಮುರಿದು, ಜ್ವರ ಪುನಃ ಬಂದ್ರೆ?"

ಸುಮತಿ ಕೂಸನ್ನು ಎದೆಗೊತ್ತಿಕೊಂಡು ಅತ್ತಳು. ನಾನೂ ಅತ್ತೆ. ಬಹಳ ಕಾಲದ ಮೇಲೆ ನನ್ನದೇ ಸ್ವರ ನನಗೆ ಕೇಳಿಸಿತು.

ಸುಮತಿಯ ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ನನ್ನ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರದೊಂದು ನಿಯಮ. ಆಸ್ಪತ್ರೆಗೆ ಹೋಗುವ ಗಂಜಿ ಕೃಷ್ಣನ ಮುಂದೆ ಕೂತು ಎದ್ದೇ ಹೋಗಬೇಕು. ಆಮೇಲೆ ಅದು ಬಸ್ಸಿನಲ್ಲಿ ಎಷ್ಟು ಜನರ ಮೊಣಕೈ ತಾಗಿಸಿಕೊಂಡರೂ ಅಡ್ಡಿಯಿಲ್ಲ. ಮರುದಿನ ಬೆಳಿಗ್ಗೆ ಗಂಜಿಗೆ ತುಳಸಿ ಹಾಕಿ, ಗಂಟೆ ಬಾರಿಸಿ, ಪಾತ್ರೆಯನ್ನು ನನ್ನ ಕೈಗೆ ಕೊಡುವ ಬದಲು ಕೇಳಿದರು:

"ಅಳಿಯಂದ್ರೇ, ಈ ಗಂಜಿ ಯಾರದ್ದು?"

"ಲಲಿತೆಯದ್ದು."

"ಈಗ ಕೃಷ್ಣನಿಗೆ ಒಪ್ಪಿಸಿದೆನಲ್ಲ. ಅವನದ್ದಲ್ವಾ?"

"ಅವನು ಉಂಡ ಮೇಲೆ ಪ್ರಸಾದ ಅಲ್ವಾ ಅತ್ತೆ? ನಾವು ತಗೊಳ್ಬಹುದು."

"ಹಾಂ. ಮತ್ತೆ ನಿಮ್ಮ ಅಣಕ? ಒಪ್ಪಿಸಿದೆ ಅಂತ ತುಳಸಿ ಇಟ್ರಿ. ನೈವೇದ್ಯ ಎಲ್ಲಿ? ಖಾಲಿ ಬಟ್ಟಲಿಗೆ ತುಳಸಿ ಹಾಕಿ ಎದ್ದು ಬಂದ ಹಾಗಾಯ್ತು. ಮೊದಲು ಅವನ ಎದುರು ಬಡಿಸಿ. ಅವನು ಉಣ್ಲಿ. ಉಳಿದದ್ದು ಮಗುವಿಗೆ."

ನಾನು ಒಮ್ಮೆ ಗಂಜಿಯನ್ನು, ಒಮ್ಮೆ ಪಟವನ್ನು ನೋಡಿದೆ.

"ನೋಡ್ತೀರಿ ಎಂತ? ಸ್ನಾನ ಮಾಡಿ ಬನ್ನಿ. ಮತ್ತೆ, ಅದರಲ್ಲಿ ನಾನೂ ಇದ್ದೇನಾ?"

ನೆಲ ನೋಡಿದೆ. "ಇದ್ದೀರಿ."

"ಹಾಗಾದ್ರೆ ನನ್ನನ್ನೂ ಬಡಿಸಿ. ಆರಿಸಿ ಬಡಿಸ್ಲಿಕ್ಕಿಲ್ಲ."

ಒದ್ದೆ ಪಂಚೆ ಉಟ್ಟು, ಬಾಗಿಲು ಹಾಕಿ, ಕೃಷ್ಣನ ಎದುರು ಕುಳಿತೆ. ಮೌಶಿಯನ್ನು ಬಡಿಸಿದೆ, ಲೋಕಲನ್ನು ಬಡಿಸಿದೆ, ಭಟ್ಟರನ್ನು, ಗಿರಾಕಿಯನ್ನು, ಕ್ಷಮಿಸಬೇಕು, ಅಧ್ಯಕ್ಷರನ್ನೂ ಬಡಿಸಿದೆ. ಅತ್ತೆ ಒಂದೇ ಸಮ ಗಂಟೆ ಆಡಿಸುತ್ತಿದ್ದರು. ಕೊನೆಗೆ ನಾನು "ಅಳಿಯಂದ್ರೇ, ಮಡಿ, ಮಡಿ! ಆಚೆ, ಆಚೆ!" ಎಂದಾಗ ಗಂಟೆ ಒಂದು ಕ್ಷಣ ನಿಂತಿತು. ಮತ್ತೆ ಮೊದಲಿಗಿಂತ ಜೋರಾಯಿತು.

ಗಂಜಿ ಹಿಡಿದು ಆಸ್ಪತ್ರೆಗೆ ಓಡಿದೆ. ನರ್ಸಮ್ಮ ಪಾತ್ರೆ ಒಳಗೊಯ್ದು, ಬಟ್ಟಲಿಗೆ ಬಗ್ಗಿಸಿ ಚಮಚ ಹಿಡಿದು ಕುಳಿತರು. ಕಿಟಕಿಯಲ್ಲಿ ನಿಂತು ಮೌಶಿಯನ್ನು ಕರೆದೆ. ಲಲಿತೆಯ ಕಣ್ಣು ನನ್ನ ಕಡೆ ತಿರುಗಿತು. ತುಟಿ ಅಲುಗಲಿಲ್ಲ. ಲೋಕಲ್ ಬಂದು ಹೋಯಿತು. ಭಟ್ಟರು ಕೆಮ್ಮಿದರು. ಅತ್ತೆ ಮಡಿ ಮಡಿ ಎಂದು ಕೂಗಾಡಿದರು. ಪಕ್ಕದ ಹಾಸಿಗೆಗಳ ಮಕ್ಕಳೆಲ್ಲ ನಕ್ಕರು, ನನ್ನ ಮಗು ನಗಲಿಲ್ಲ. ನನ್ನ ಸರಕು ಮುಗಿಯಿತು. ಜಾಲರಿಗೆ ಹಣೆ ಒತ್ತಿ, "ಕೃಷ್ಣಾ, ಎಲ್ಲವನ್ನೂ ನೀನೇ ತಿಂದು ಮುಗಿಸಿದೆಯಾ? ಒಂದಗುಳಾದರೂ ಉಳಿಸಲಿಲ್ಲವಾ?" ಎಂದೆ.

ಆಗ ಹಾಸಿಗೆಯಿಂದ, ದಾರದಷ್ಟು ತೆಳ್ಳಗೆ, ಮೂಗಿನಿಂದ ರಾಗ ಎಳೆದುಕೊಂಡು ಒಂದು ಸ್ವರ ಎದ್ದಿತು:

"ತೋಂಡ್ ಉಘಡ್, ಬಾಳ!"

ಥೇಟು ನರ್ಸಮ್ಮ! ನಾನಾಗಿದ್ದರೂ ಅಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ. ಆಶ್ಚರ್ಯದಿಂದ ನರ್ಸಮ್ಮನ ಬಾಯಿಯೇ ಅಗಲ ತೆರೆದುಹೋಯಿತು. ತನ್ನ ಅಪ್ಪಣೆ ನಡೆದದ್ದನ್ನು ಕಂಡು ಲಲಿತೆ ನಕ್ಕಳು. ನಕ್ಕ ಬಾಯಿಗೆ ಚಮಚ ಹೋಯಿತು. ಗಂಜಿ ಗಂಟಲಿನಲ್ಲಿ ಇಳಿದುದನ್ನು ನಾನು ಈ ಕಣ್ಣಿನಿಂದ ನೋಡಿದೆ.

ಚೌತಿಗೆ ಮುಂಚೆ ಮಗು ಮನೆಗೆ ಬಂತು. ಜ್ವರ ಮರುಕಳಿಸಲಿಲ್ಲ. ಅಂದಿನಿಂದ ಭಜನೆಗೆ ಬರುವ ಪ್ರತಿ ಶನಿವಾರ ಹೊಸ ಸ್ವರವೇನು ಸಿಕ್ಕಿದ್ದರೂ ಮೊದಲು ಕೃಷ್ಣನಿಗೆ, ಆಮೇಲೆ ನಿಮಗೆ. ಅವನು ಒಲ್ಲದ್ದೊಂದೂ ನನ್ನ ಬಾಯಲ್ಲಿ ಬಾರದಿರಲಿ ಎಂಬುದೊಂದೇ ಬೇಡಿಕೆ. ನಾನು ಒಪ್ಪಿಸಿದ್ದು ಒಂದು ಗಂಟಲು. ಆ ಸ್ವಾಮಿ ತಿರುಗಿ ಕೊಟ್ಟದ್ದು ಎರಡು. ಅವನು ಕೈಬಿಡುವವನಲ್ಲ ಎಂದು ಈಗ ನಾನು ನನ್ನದೇ ಸ್ವರದಲ್ಲಿ ಹೇಳಬಲ್ಲೆ.

ಮೊನ್ನೆ ಲಲಿತೆ ಪಟದ ಮುಂದೆ ಕುಳಿತು, ಕಣ್ಣು ಮುಚ್ಚಿ, ಕತ್ತು ವಾಲಿಸಿ, "ಸ್ವಾಮೀ ಸ್ವಾಮೀ" ಎಂದು ನನ್ನ ಪ್ರಾರ್ಥನೆಯನ್ನೇ ಅಣಕಿಸುತ್ತಿದ್ದಳು. ಸುಮತಿ ಗದರಿಸಲು ಎದ್ದಳು. ಅತ್ತೆ ಅವಳನ್ನು ತಡೆದು, ಗಂಟೆ ಎತ್ತಿಕೊಂಡರು.